ಏರಿಯಾ ಫುಟ್‌ಬಾಲ್ ಕ್ಲಬ್ಬು, ದರ್ಶಿನಿ: ಚರಿತ್ರೆ ಬರೆಯೋದು ಹೇಗೆ

ಏರಿಯಾದ ಕ್ಲಬ್ಬೋ ದರ್ಶಿನಿಯೋ (ನಿಂತು ತಿನ್ನುವ ಹೋಟೆಲು), ಅದರ ಚರಿತ್ರೆ ಬರೆಯುವಾಗ ಬೋರ್ಡಿನ ಮೇಲಿರುವ ಇಸವಿಯನ್ನು ಹಾಗೇ ಎತ್ತಿ ಬರೆದುಕೊಂಡರೆ ಕೆಲಸ ಅಲ್ಲೇ ಕೆಟ್ಟಂತೆ. ಈ ವಿಷಯದಲ್ಲಿ ಬೆಂಗಳೂರಿನ ಕ್ಲಬ್ಬುಗಳದ್ದೂ ಹೋಟೆಲುಗಳದ್ದೂ ಒಂದೇ ಕತೆ: ‘ಸ್ಥಾಪನೆ’ ಅನ್ನುವ ಒಂದೇ ಪದದೊಳಗೆ ಬೇರೆ ಬೇರೆ ಘಟನೆಗಳು ಸೇರಿಕೊಂಡಿರುತ್ತವೆ. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಶುರುವಾದದ್ದು, ಈಗಿನ ಹೆಸರು ಬಂದದ್ದು, ಈಗಿನ ಜಾಗಕ್ಕೆ ಬಂದದ್ದು, ಮಾಲೀಕರು ಬದಲಾದದ್ದು. ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) ಹೋಟೆಲನ್ನೇ ತುಂಬಿ ನೋಡಿ. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಆಗಿ ಶುರು, 1960ರಲ್ಲಿ ಲಾಲ್‌ಬಾಗ್ ರಸ್ತೆಗೆ. 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾದದ್ದು ಪ್ಯಾಕೆಟ್ ಮಸಾಲೆಯ ಕಂಪನಿ. ಹೋಟೆಲು ಮನೆಯವರ ಕೈಯಲ್ಲೇ ಉಳಿಯಿತು. “ಎಂಟಿಆರ್ ಮಾರಿಬಿಟ್ಟರಂತೆ” ಅನ್ನುವವರು ಎಡವುವುದು ಈ ನಾಲ್ಕನೇ ಕಾಲಂನಲ್ಲಿ.

ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯ ಕ್ಲಬ್ ಆದರೆ ಟ್ರೋಫಿ, ಗ್ರೂಪ್ ಫೋಟೋಗಳಿಂದ ಶುರು ಮಾಡಿ. ಟ್ರೋಫಿಯ ಹೊಟ್ಟೆಯ ಮೇಲೆ ಕೆತ್ತಿರುವ ಇಸವಿ ಬಹಳ ಸಲ ಅದನ್ನು ದಾನ ಕೊಟ್ಟ ವರ್ಷ. ಗೆದ್ದವರ ಹೆಸರು ಕೆಳಗಿನ ಮರದ ಪೀಠದ ಸಣ್ಣ ತಗಡುಗಳಲ್ಲಿ ಇರುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಗ್ರೂಪ್ ಫೋಟೋವನ್ನು ಫ್ರೇಮಿನಿಂದ ತೆಗೆಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಫೋಟೋದ ಮೇಲ್ಪದರವೇ ಕಿತ್ತು ಬರುತ್ತದೆ. ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲೇ ತೆಗೆಯಿರಿ. ಹಿಂದೆ ನಂಬರ್ ಹಾಕುವುದಾದರೆ ಪೆನ್ಸಿಲ್ಲಿನಲ್ಲಿ, ಬಾಲ್‌ಪೆನ್ನಿನಲ್ಲಿ ಅಲ್ಲ. ಹಳೇ ಆಟಗಾರರನ್ನು “ಯಾವ ವರ್ಷ?” ಅಂತ ಕೇಳಿ ಪ್ರಯೋಜನವಿಲ್ಲ. “ಆಗ ಗೋಲ್‌ಕೀಪರ್ ಯಾರು, ಯಾವ ಗ್ರೌಂಡು, ಎದುರು ಐಟಿಐ ಫ್ಯಾಕ್ಟರಿ ಟೀಮಾ ಎಚ್‌ಎಎಲ್ಲಾ?” ಅಂತ ಕೇಳಿ, ವರ್ಷ ತಾನಾಗಿ ಹೊರಬೀಳುತ್ತದೆ.

ಆಮೇಲೆ ಕಾಗದ. ಕ್ಲಬ್ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದರೆ ಬೈಲಾದ ನಕಲಿಗೆ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಬಹುದು. ಆದರೆ ಅದು ನೋಂದಣಿಯ ತಾರೀಖು, ಆಟ ಶುರುವಾದ ತಾರೀಖಲ್ಲ. 1947ರವರೆಗೆ ಬೆಂಗಳೂರಿನ ದಂಡು ಪ್ರದೇಶ (ಕಂಟೋನ್ಮೆಂಟ್) ಬ್ರಿಟಿಷರ ಆಡಳಿತದಲ್ಲಿ, ಪೇಟೆ ಮೈಸೂರು ಸಂಸ್ಥಾನದಲ್ಲಿ ಇದ್ದವು. ಹಾಗಾಗಿ ದಂಡಿನ ಕ್ಲಬ್ಬಿನ ಸುದ್ದಿ ಸಂಸ್ಥಾನದ ಕಡತದಲ್ಲಿ ಸಿಗಲಿಲ್ಲವೆಂದು ಕ್ಲಬ್ಬೇ ಇರಲಿಲ್ಲ ಅನ್ನಬೇಡಿ. 1937, 1938ರಲ್ಲಿ ಬಾಂಬೆಯ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಕಾಲ ಅದು. ಹಳೇ ಪತ್ರಿಕೆಯಲ್ಲಿ “ಮೈಸೂರು” ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ) ಗೆದ್ದಿತು ಅಂತಿದ್ದರೆ ಅದು ರಾಜ್ಯ ತಂಡ, ಮೈಸೂರು ನಗರದ್ದಲ್ಲ. 1973ರ ನವೆಂಬರ್‌ನಿಂದ ಈಚೆಗೆ ‘ಕರ್ನಾಟಕ’ ಅಂತ ಹುಡುಕಿ. ಮೈಸೂರು ಗೆದ್ದ 1968–69ರಂಥ ಸೀಸನ್ನನ್ನು ಒಂದೇ ಇಸವಿಯಾಗಿ ಬರೆದರೆ ಪಂದ್ಯದ ತಾರೀಖು ಒಂದು ವರ್ಷ ಆಚೀಚೆ ಆಗುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಗೆದ್ದಾಗ “54 ವರ್ಷದ ನಂತರ” ಅಂತ ಎಣಿಸಿದ್ದು ಆ ಸೀಸನ್ನಿನಿಂದಲೇ.

ಇನ್ನು ಹೋಟೆಲು. ‘ದರ್ಶಿನಿ’, ‘ಸಾಗರ್’ ಅಂತ ಹೆಸರಿದ್ದ ಮಾತ್ರಕ್ಕೆ ಒಂದೇ ಸರಣಿ ಅಂದುಕೊಳ್ಳಬೇಡಿ. ಇವು ಯಾರು ಬೇಕಾದರೂ ಇಟ್ಟುಕೊಳ್ಳುವ ಹೆಸರುಗಳು. ಎರಡು ಬ್ರಾಂಚುಗಳಲ್ಲಿ ಒಂದೊಂದು ಕಾಫಿ ಕುಡಿದು ಬಿಲ್ ಇಟ್ಟುಕೊಳ್ಳಿ. ಬಿಲ್ಲಿನಲ್ಲಿರುವ 15 ಅಕ್ಷರದ ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಎರಡೂ ಬಿಲ್ಲಿನಲ್ಲಿ ಆ ಹತ್ತು ಒಂದೇ ಆಗಿದ್ದರೆ ಮಾಲೀಕರು ಒಬ್ಬರೇ. ಬೇರೆ ಇದ್ದರೆ ಫ್ರಾಂಚೈಸಿ ಇರಬಹುದು, ಅಣ್ಣತಮ್ಮಂದಿರು ಪಾಲಾಗಿರಬಹುದು, ಸಂಬಂಧವೇ ಇಲ್ಲದಿರಬಹುದು; ಅದನ್ನು ಗಲ್ಲಾ ಮೇಲೆ ಕೂತವರನ್ನೇ ಕೇಳಬೇಕು, ಅದೂ ಬೆಳಗಿನ ತಿಂಡಿಯ ರಷ್ ಮುಗಿದ ಮೇಲೆ. ಇಡೀ ನಂಬರಿನ ಆರನೇ ಅಕ್ಷರ ಸಿ ಆಗಿದ್ದರೆ ಕಂಪನಿ, ಎಫ್ ಆದರೆ ಪಾಲುದಾರಿಕೆ, ಪಿ ಆದರೆ ಒಬ್ಬ ವ್ಯಕ್ತಿ. ಕಂಪನಿ ಆದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಣಿ ತಾರೀಖು ಪುಕ್ಕಟೆ ಸಿಗುತ್ತದೆ.

ಇಸವಿ ಇಲ್ಲದ ಹಳೇ ಮೆನು ಕಾರ್ಡ್ ಸಿಕ್ಕರೆ ವಿಳಾಸ ಓದಿ. ‘560 004’ ಅಂತ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ಈಚಿನದು. ಬರೀ ‘ಬೆಂಗಳೂರು-4’ ಅಂತಿದ್ದರೆ ಹಳೆಯದೇ ಅಂತ ಖಚಿತವಿಲ್ಲ, ಆಮೇಲೂ ಹಾಗೆ ಅಚ್ಚು ಹಾಕಿಸಿದವರು ಬೇಕಾದಷ್ಟು ಜನ.

ಪತ್ರಿಕೆ ಹುಡುಕುವಾಗ ತಿಂಡಿಯ ಪುಟ ಬಿಡಿ. ಹೋಟೆಲ್ ತೆರೆದದ್ದು ಜಾಹೀರಾತಿನಲ್ಲಿ ಇರುತ್ತದೆ, ಜಗಳ ಸುದ್ದಿ ಪುಟದಲ್ಲಿ. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಎಫ್‌ಸಿಯ ಬಗ್ಗೆ ಹೆಚ್ಚು ಸಿಗುವುದು ಪಾಲಿಕೆ ಲೈಸೆನ್ಸ್, ಹೈಕೋರ್ಟ್, ರೈತ ಸಂಘದ ಪ್ರತಿಭಟನೆಯ ವರದಿಗಳಲ್ಲೇ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ಅದಕ್ಕೂ ಹಿಂದಿನದಕ್ಕೆ ಬೇರೆ ಪತ್ರಿಕೆ ನೋಡಬೇಕು. ಸಿಕ್ಕ ಪ್ರತಿ ಸುದ್ದಿಗೂ ಪತ್ರಿಕೆಯ ಹೆಸರು, ತಾರೀಖು, ಪುಟ ಅಲ್ಲೇ ಬರೆದುಕೊಳ್ಳಿ. ಇಬ್ಬರು ಹಿರಿಯರು ಎರಡು ಇಸವಿ ಹೇಳಿದರೆ ಸರಾಸರಿ ಹಾಕಬೇಡಿ, ಯಾರು ಯಾವುದು ಹೇಳಿದರು ಅಂತ ಎರಡನ್ನೂ ಅಚ್ಚು ಮಾಡಿ.