ಬಯಲುಸೀಮೆಯಲ್ಲಿ ಬೆಟ್ಟದ ನೆಲ್ಲಿ: ನಾನು ಬೆಳೆಯುವ, ಬಳಸುವ ಕ್ರಮ

ನೆಲ್ಲಿಗೆ ಆರೈಕೆ ಬೇಡ, ನೆಟ್ಟು ಮರೆತರೂ ಬೆಳೆಯುತ್ತದೆ ಎನ್ನುತ್ತಾರೆ. ಮರದ ಮಟ್ಟಿಗೆ ಅದು ನಿಜ. ಜಲ್ಲಿ ಬೆರೆತ ಕೆಂಪುಮಣ್ಣಿರಲಿ, ಸ್ವಲ್ಪ ಚೌಳಿರಲಿ, ಮರ ತಡೆದುಕೊಳ್ಳುತ್ತದೆ. ಕಾಯಿಯ ಮಾತು ಬೇರೆ. ಕಾಯಿ ಕಚ್ಚಬೇಕು, ಕಚ್ಚಿದ್ದು ಕಪ್ಪಾಗದೆ ಅಡುಗೆಮನೆ ಸೇರಬೇಕು ಅಂದರೆ ಕೆಲವು ಕೆಲಸಗಳನ್ನು ಸರಿಯಾದ ಹೊತ್ತಿಗೆ ಮಾಡಲೇಬೇಕು.

ಮೊದಲನೆಯದು ತಳಿಯ ಆಯ್ಕೆ. ಒಂದೇ ತಳಿಯನ್ನು ತೋಟವಿಡೀ ನೆಟ್ಟವರು ಮರ ತುಂಬ ಹೂ ನೋಡಿಯೂ ಕಾಯಿ ಕಾಣುವುದಿಲ್ಲ. ನೆಲ್ಲಿಯಲ್ಲಿ ಗಂಡುಹೂ, ಹೆಣ್ಣುಹೂ ಒಂದೇ ಮರದಲ್ಲಿದ್ದರೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಬಹಳ ಕಡಿಮೆ. ಹಾಗಾಗಿ ನಾನು ಎರಡು ಸಾಲು ಎನ್‌ಎ-7 (ನರೇಂದ್ರ ಆಂವ್ಲಾ-7), ಆಮೇಲೆ ಒಂದು ಸಾಲು ಕೃಷ್ಣಾ ಅಥವಾ ಕಾಂಚನ್, ಹೀಗೆ ಬೆರೆಸಿ ನೆಡುತ್ತೇನೆ. ಉತ್ತರ ಪ್ರದೇಶದ ಫೈಜಾಬಾದಿನ (ಈಗಿನ ಅಯೋಧ್ಯೆ ಜಿಲ್ಲೆ) ನರೇಂದ್ರ ದೇವ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಈ ತಳಿಗಳು ನಮ್ಮ ಕಡೆಯೂ ಹೊಂದಿಕೊಂಡಿವೆ. ಎನ್‌ಎ-7ರಲ್ಲಿ ಹೆಣ್ಣುಹೂ ಹೆಚ್ಚು, ಫಸಲೂ ಬೇಗ. ಚಕಯ್ಯಾ ನಾರು ಹೆಚ್ಚಿರುವ ತಳಿ, ಉಪ್ಪಿನಕಾಯಿಗೆ ಅಡ್ಡಿಯಿಲ್ಲ, ಸಕ್ಕರೆ ಪಾಕದ ಮೊರಬ್ಬಕ್ಕೆ ಬೇಡ. ಮನೆಯಂಗಳದಲ್ಲಿ ಒಂದೇ ಮರಕ್ಕೆ ಜಾಗ ಇದ್ದರೆ, ಅದರ ಒಂದು ಕೊಂಬೆಗೆ ಬೇರೆ ತಳಿಯ ಕಸಿ ಕಟ್ಟಿಸಿಕೊಂಡರೆ ಸಾಕು.

ನೆಡುವುದರಲ್ಲಿ ಹೆಚ್ಚು ಹೇಳುವುದಿಲ್ಲ. ಸಾಲಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 20 ಅಡಿ ಬಿಟ್ಟರೆ ಎಕರೆಗೆ 110ರ ಆಸುಪಾಸು ಗಿಡ ಹಿಡಿಯುತ್ತವೆ. ಬೇಸಿಗೆಯಲ್ಲೇ ಗುಂಡಿ ತೆಗೆದು ಬಿಸಿಲು ಕುಡಿಸಿ, ಮೇಲ್ಮಣ್ಣಿಗೆ 10ರಿಂದ 15 ಕೆ.ಜಿ. ಕೊಟ್ಟಿಗೆ ಗೊಬ್ಬರ, 1 ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ, ಮುಂಗಾರು ಹದವಾದ ಮೇಲೆ ಕಸಿಗಿಡ ಕೂರಿಸುವುದು. ಕಸಿಯ ಗಂಟು ಮಣ್ಣಿಗಿಂತ ಒಂದು ಗೇಣು ಮೇಲಿರಬೇಕು. ಮೊದಲೆರಡು ವರ್ಷ ಆ ಗಂಟಿನ ಕೆಳಗಿಂದ ಚಿಗುರು ಬರುತ್ತಲೇ ಇರುತ್ತದೆ. ಎಲೆ ನೋಡಿದರೆ ಕಾಡುಚಿಗುರೋ ಕಸಿಯದ್ದೋ ತಿಳಿಯುವುದಿಲ್ಲ, ಎಲ್ಲಿಂದ ಹೊರಟಿದೆ ಎಂದು ಬಗ್ಗಿ ನೋಡಿಯೇ ಚಿವುಟಬೇಕು. ಬಿಟ್ಟರೆ ಅದೇ ಮರವಾಗಿ ಕಸಿ ಒಣಗುತ್ತದೆ.

ರೆಂಬೆ ಕಟ್ಟುವುದಕ್ಕೆ ಮಾತ್ರ ತಾಳ್ಮೆ ಬೇಕು. ನೆಲದಿಂದ ಎರಡೂವರೆ ಮೂರು ಅಡಿವರೆಗೆ ಕಾಂಡ ಬೋಳಾಗಿರಲಿ. ಅದರ ಮೇಲೆ ನಾಲ್ಕೈದು ಕೊಂಬೆಗಳನ್ನು ನಾಲ್ಕೂ ದಿಕ್ಕಿಗೆ ಬರುವಂತೆ ಉಳಿಸಿ ಮಿಕ್ಕವನ್ನು ತೆಗೆಯುತ್ತೇನೆ. ಕಾಂಡಕ್ಕೆ ಅಂಟಿದಂತೆ ನೆಟ್ಟಗೆ ಏಳುವ ಕೊಂಬೆ ನೋಡಲು ಚೆಂದ, ಆದರೆ ಕಾಯಿಯ ಭಾರಕ್ಕೆ ಸೀಳಿಕೊಂಡು ಬೀಳುವುದು ಅದೇ. ನೆಲ್ಲಿಯ ಮರ ಬಲು ಪೆಡಸು, ಬಾಗುವ ಬದಲು ಮುರಿಯುತ್ತದೆ. ಎನ್‌ಎ-7 ಗೊಂಚಲು ಗೊಂಚಲಾಗಿ ಬಿಡುವುದರಿಂದ ಸೆಪ್ಟೆಂಬರ್ ಬರುತ್ತಿದ್ದಂತೆ ಕೊಂಬೆಗಳಿಗೆ ಕವೆಗೋಲು ಕೊಡುತ್ತೇನೆ, ಕವೆಯಲ್ಲಿ ಗೋಣಿಚೀಲ ಸುತ್ತಿದರೆ ತೊಗಟೆ ಉಜ್ಜುವುದಿಲ್ಲ.

ಹೊಸಬರು ಹೆದರುವುದು ಬೇಸಿಗೆಯಲ್ಲಿ. ಫೆಬ್ರವರಿ, ಮಾರ್ಚಿನ ಹೊತ್ತಿಗೆ ಸಣ್ಣ ಕಡ್ಡಿಗಳೆಲ್ಲ ಎಲೆ ಸಮೇತ ಉದುರುತ್ತವೆ. ಒಣಗಿತೆಂದು ನೀರು ಹಾಯಿಸುವವರೇ ಹೆಚ್ಚು. ಅದು ಮರದ ಸ್ವಭಾವ. ಹೋದ ವರ್ಷ ಕಾಯಿ ಹೊತ್ತ ಕಡ್ಡಿ ಉದುರಿ, ಹೊಸ ಕಡ್ಡಿ ಬಂದು, ಅದರ ಬುಡದಲ್ಲಿ ಗಂಡುಹೂ, ತುದಿಯ ಕಡೆಗೆ ಹೆಣ್ಣುಹೂ ಬರುತ್ತವೆ. ಹೂ ತುಂಬಿದಾಗ ನೀರು ಕೊಡಬೇಡಿ, ಔಷಧಿಯನ್ನೂ ಹೊಡೆಯಬೇಡಿ. ನೀರು ಕೊಟ್ಟರೆ ಹೂ ಉದುರುತ್ತದೆ, ಔಷಧಿ ಹೊಡೆದರೆ ಜೇನುನೊಣ ದೂರವಾಗುತ್ತದೆ. ಕಚ್ಚಿದ ಮೇಲೂ ಕಾಯಿ ತಿಂಗಳುಗಟ್ಟಲೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಸುಮ್ಮನಿರುತ್ತದೆ, ಮಳೆ ಬಿದ್ದ ಮೇಲೆಯೇ ಉಬ್ಬಲು ಶುರು. ಏಪ್ರಿಲ್‌ನಲ್ಲಿ ಮರ ಬರಿದಾಗಿ ಕಂಡರೆ ಫಸಲು ಹೋಯಿತೆಂದು ತೀರ್ಮಾನಿಸಬಾರದು.

ಗೊಬ್ಬರ ಮರದ ವಯಸ್ಸಿನ ಲೆಕ್ಕದಲ್ಲಿ. ಒಂದೊಂದು ವರ್ಷಕ್ಕೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, 100 ಗ್ರಾಂ ಸಾರಜನಕ (ಯೂರಿಯಾ ಆದರೆ ಸುಮಾರು 220 ಗ್ರಾಂ), 50 ಗ್ರಾಂ ರಂಜಕ, 100 ಗ್ರಾಂ ಪೊಟ್ಯಾಷ್ ಏರಿಸುತ್ತಾ ಹೋಗಿ ಹತ್ತನೇ ವರ್ಷಕ್ಕೆ ಏರಿಸುವುದನ್ನು ನಿಲ್ಲಿಸಿ, ಆಮೇಲೆ ಅಷ್ಟನ್ನೇ ಕೊಡುವುದು. ಸಾರಜನಕವನ್ನು ಕೊಯ್ಲಾದ ಮೇಲೆ ಅರ್ಧ, ಆಗಸ್ಟಿನಲ್ಲಿ ಅರ್ಧ ಕೊಡುತ್ತೇನೆ. ಇದಕ್ಕಿಂತ ಮುಖ್ಯವಾದದ್ದು ಬೋರಾನ್ ಎಂಬ ಸೂಕ್ಷ್ಮ ಪೋಷಕಾಂಶ. ಕಾಯಿ ಹೊರಗೆ ಚೆನ್ನಾಗಿದ್ದು, ಕುಯ್ದರೆ ಬೀಜದ ಸುತ್ತ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಹುಳುವಲ್ಲ, ಬೋರಾನ್ ಕೊರತೆ. ಕೊನೆಗೆ ಸಿಪ್ಪೆಯ ಮೇಲೂ ಕಪ್ಪು ಮಚ್ಚೆ ಬರುತ್ತದೆ, ಆಗ ಮಾಡುವುದೇನೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಲೀಟರಿಗೆ 6 ಗ್ರಾಂ ಬೊರಾಕ್ಸ್ (ಬೋರಾನ್ ಇರುವ ಲವಣ) ಕರಗಿಸಿ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಬೇಕು. ಬೊರಾಕ್ಸ್ ತಣ್ಣೀರಿನಲ್ಲಿ ಸರಿಯಾಗಿ ಕರಗದು. ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಆಮೇಲೆ ಡ್ರಮ್ಮಿಗೆ ಸುರಿಯಿರಿ.

ಕಾಂಡದ ಕವಲಿನಲ್ಲಿ ಮರದ ಪುಡಿ, ಹಿಕ್ಕೆ ಅಂಟಿದ ಜಾಳಿಗೆ ಕಂಡರೆ ಒಳಗೆ ತೊಗಟೆ ತಿನ್ನುವ ಹುಳು ಇದೆ. ಜಾಳಿಗೆ ಕೆರೆದು, ತೂತಿಗೆ ತಂತಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಕೆಸರು ಮೆತ್ತಿದರೆ ಸಾಕು. ಚಿಗುರಿನ ತುದಿ ಗಂಟುಗಂಟಾಗಿ ಊದಿದ್ದರೆ ಕತ್ತರಿಸಿ ಸುಡಬೇಕು. ಕಾಯಿಯ ಮೇಲೆ ತುಕ್ಕಿನಂತಹ ಗುಳ್ಳೆ ಬರುವ ಜಾಗದಲ್ಲಿ ಜುಲೈಯಿಂದ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 4 ಗ್ರಾಂನಂತೆ ಹೊಡೆಯುವುದು.

ಉತ್ಥಾನ ದ್ವಾದಶಿಯ ತುಳಸಿ ಹಬ್ಬಕ್ಕೆ ಕಾಯಿರುವ ಕೊಂಬೆ ಕೇಳಿಕೊಂಡು ಜನ ಬರುತ್ತಾರೆ. ಒಂದಕ್ಕೊಂದು ಉಜ್ಜುವ, ಒಳಕ್ಕೆ ತಿರುಗಿದ ರೆಂಬೆಗಳನ್ನು ಅಲ್ಲಿಯವರೆಗೆ ಉಳಿಸಿಕೊಂಡಿದ್ದರೆ ಅವನ್ನೇ ಕತ್ತರಿಸಿ ಕೊಡಬಹುದು. ಕೈಯಲ್ಲಿ ಎಳೆದು ಮುರಿಯಲು ಮಾತ್ರ ಬಿಡಬಾರದು, ತೊಗಟೆ ಕಾಂಡದವರೆಗೂ ಸುಲಿದು ಬರುತ್ತದೆ.

ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ. ದಟ್ಟ ಹಸಿರು ಹೋಗಿ ಕಾಯಿ ತಿಳಿಯಾಗಿ, ಬಿಸಿಲಿಗೆ ಹಿಡಿದರೆ ಒಳಗಿನ ಗೆರೆ ಕಾಣುವಂತಿರಬೇಕು. ಒಂದನ್ನು ಒಡೆದು ಬೀಜ ನೋಡಿ. ಬಿಳಿಯಾಗಿದ್ದರೆ ಬಲಿತಿಲ್ಲ, ಕಂದಾಗಿದ್ದರೆ ಕೀಳಬಹುದು. ಏಣಿ ಹಾಕಿ, ಹೆಗಲಿಗೆ ಬಟ್ಟೆಚೀಲ ತೂಗಿಕೊಂಡು, ಇಬ್ಬನಿ ಆರಿದ ಮೇಲೆ ಕೈಯಲ್ಲೇ ಕೀಳಬೇಕು. ಗಳದಿಂದ ಬಡಿದು ನೆಲಕ್ಕೆ ಕೆಡವಿದ ಕಾಯಿ ಆ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಮರುದಿನ ನೋಡಿದರೆ ಪೆಟ್ಟು ಬಿದ್ದಲ್ಲೆಲ್ಲ ಕಂದು ಕಲೆ, ಇನ್ನೆರಡು ದಿನಕ್ಕೆ ನೀಲಿ ಬೂಸು, ಪಕ್ಕದ ಕಾಯಿಗೂ ಅದೇ. ಬಿದ್ದದ್ದನ್ನು ಬೇರೆ ಬುಟ್ಟಿಗೆ ಹಾಕಿ ಅಂದೇ ಹೆಚ್ಚಿ ಒಣಗಿಸಿ. ಕೈಯಲ್ಲಿ ಕಿತ್ತದ್ದು ನೆರಳಿನಲ್ಲಿ ಒಂದು ವಾರ ನಿಲ್ಲುತ್ತದೆ.

ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಉಪ್ಪುನೀರು. 1 ಲೀಟರ್ ನೀರಿಗೆ 150 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಿ, ತೊಳೆದು ಒರೆಸಿದ ಇಡೀ ಕಾಯಿ ಮುಳುಗುವಷ್ಟು ಭರಣಿಗೆ ಸುರಿಯುವುದು. ತೇಲಿದ ಕಾಯಿಯ ಸುತ್ತ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೆ ಮೇಲೊಂದು ಪಿಂಗಾಣಿ ತಟ್ಟೆ ಕವುಚಿ, ಕಾಯಿ ಅಡಿಯಲ್ಲೇ ಇರುವಂತೆ ನೋಡಿಕೊಳ್ಳಿ. ಹೀಗೆ ಇಟ್ಟದ್ದು ಎರಡು ತಿಂಗಳಿಗೂ ಹೆಚ್ಚು ಕಾಲ ಚೆನ್ನಾಗಿರುತ್ತದೆ. ಕಬ್ಬಿಣದ ಈಳಿಗೆ, ಬಾಣಲೆ ಮಾತ್ರ ನೆಲ್ಲಿಯ ಹತ್ತಿರ ಸುಳಿಯಬಾರದು. ಒಗರು ಕಬ್ಬಿಣಕ್ಕೆ ತಗುಲಿದರೆ ಕಪ್ಪು ಮಸಿ. ಸ್ಟೀಲಿನ ಚಾಕು, ಮರದ ಸೌಟು ಇರಲಿ.

ಉಪ್ಪಿನಕಾಯಿಗೆ 1 ಕೆ.ಜಿ. ಕಾಯಿಯನ್ನು ಹಬೆಯಲ್ಲಿ ಎಂಟು ಹತ್ತು ನಿಮಿಷ, ಎಸಳು ಬಿಡುವವರೆಗೆ ಮಾತ್ರ ಬೇಯಿಸುತ್ತೇನೆ. ನೀರಿನಲ್ಲಿ ಕುದಿಸಿದರೆ ರುಚಿಯೂ ಹುಳಿಯೂ ನೀರುಪಾಲು. ಬೀಜ ತೆಗೆದ ಎಸಳನ್ನು ಬಟ್ಟೆಯ ಮೇಲೆ ತೇವವಿಲ್ಲದಂತೆ ಆರಿಸಿ, 200 ಗ್ರಾಂ ಉಪ್ಪು, 100 ಗ್ರಾಂ ಬ್ಯಾಡಗಿ ಮೆಣಸಿನ ಪುಡಿ, 50 ಗ್ರಾಂ ಸಾಸಿವೆ ಪುಡಿ, ಹುರಿದು ಪುಡಿಮಾಡಿದ 10 ಗ್ರಾಂ ಮೆಂತ್ಯ, ಎರಡು ಚಮಚ ಅರಿಸಿನ ಕಲಸುವುದು. ಕಾಯಿಸಿ ಇಂಗು ಹಾಕಿ ಆರಿಸಿದ 250 ಮಿ.ಲೀ. ಎಳ್ಳೆಣ್ಣೆಯನ್ನು ಮೇಲೆ ಸುರಿಯುವುದು. ಎಣ್ಣೆ ಬಿಸಿಯಿದ್ದರೆ ಮೆಣಸಿನ ಪುಡಿ ಸೀಯುತ್ತದೆ. ಒಂದು ವಾರಕ್ಕೆ ಒಗರು ಇಳಿಯುತ್ತದೆ.

ಉಪ್ಪುನೀರಿನ ಕಾಯಿಗೆ ನನ್ನ ಮಟ್ಟಿಗೆ ತಂಬುಳಿಗಿಂತ ಒಳ್ಳೆಯ ಬಳಕೆ ಇಲ್ಲ. ಮೂರು ಕಾಯಿಯ ಎಸಳು, ಎರಡು ಚಮಚ ತೆಂಗಿನ ತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ನುಣ್ಣಗೆ ರುಬ್ಬಿ, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ. ಕಾಯಿಯಲ್ಲೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿ. ಕುದಿಸುವ ಕೆಲಸವಿಲ್ಲ, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ.