ನನ್ನ ಅನುಭವ: ವೀಣೆ ಕಲಿತ ಕೈಗೆ ಒಂದು ಮೌಂಟನ್ ಡಲ್ಸಿಮರ್

ಅಮೆರಿಕದ ಕೆಂಟಕಿಗೆ ಬಂದ ಮೇಲೆ ನನಗೆ ಮೌಂಟನ್ ಡಲ್ಸಿಮರ್ ಪರಿಚಯವಾಯಿತು. ಇದು ಅಪಲೇಷಿಯನ್ ಬೆಟ್ಟಸೀಮೆಯ ವಾದ್ಯ. ಮೂರೋ ನಾಲ್ಕೋ ತಂತಿ ಇರುತ್ತದೆ, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ನುಡಿಸುತ್ತಾರೆ. ಇದೇ ರಾಜ್ಯದ ವೈಪರ್ ಎಂಬ ಊರಿನ ಜೀನ್ ರಿಚಿ (1922–2015) ನ್ಯೂಯಾರ್ಕಿಗೆ ಹೋಗಿ, ಹಾಡುತ್ತಾ ನುಡಿಸುತ್ತಾ ಇದನ್ನು ಹೊರಗಿನವರಿಗೂ ತಲುಪಿಸಿದರು. ಕೋಲಿನಿಂದ ಬಡಿದು ನುಡಿಸುವ ಹ್ಯಾಮರ್ಡ್ ಡಲ್ಸಿಮರ್ ಬೇರೆಯೇ ವಾದ್ಯ, ಸಂತೂರ್ ಬಳಗದ್ದು. ಆನ್‌ಲೈನಿನಲ್ಲಿ ಹುಡುಕಿದರೆ ಎರಡೂ ಒಟ್ಟಿಗೆ ಬರುತ್ತವೆ, ನೋಡಿಕೊಳ್ಳಿ.

ಚಿಕ್ಕಂದಿನಲ್ಲಿ ನಾನು ವೀಣೆ ಕಲಿತಿದ್ದೆ. ಡಲ್ಸಿಮರ್ ತಂತಿಗಳನ್ನು ಈಗ ಹೆಚ್ಚಾಗಿ ಡಿ-ಎ-ಡಿ ಎಂದು ಶ್ರುತಿ ಮಾಡುತ್ತಾರೆ. ಅಂದರೆ ಸ-ಪ-ಸ! ಹಳೆಯ ಕ್ರಮದಲ್ಲಿ ಸ್ವರ ನುಡಿಸುವುದು ನಮ್ಮ ಕಡೆಗಿರುವ ತಂತಿಯಲ್ಲಿ ಮಾತ್ರ. ಉಳಿದವು ಶ್ರುತಿ ಹಿಡಿದು ನಿಂತಿರುತ್ತವೆ. ನಾನು ಮನಸೋತದ್ದು ಅದಕ್ಕೇ.

ಕೊಳ್ಳುವಾಗ ನಾನು ಮೊದಲು ನೋಡಿದ್ದು ಮೆಟ್ಟಿಲುಗಳನ್ನು, ಅಂದರೆ ತಂತಿಯನ್ನು ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿಗಳನ್ನು (ಫ್ರೆಟ್). ವೀಣೆಯಲ್ಲಿ ಒಂದು ಸ್ಥಾಯಿಗೆ, ಅಂದರೆ ಸ ದಿಂದ ಮೇಲಿನ ಸ ವರೆಗೆ, 12 ಮೆಟ್ಟಿಲು. ಹಳೆಯ ಡಲ್ಸಿಮರ್‌ನಲ್ಲಿ ಏಳೇ. ಎಲ್ಲೂ ಒತ್ತದೆ ಬಿಟ್ಟ ತಂತಿಯನ್ನು ಷಡ್ಜ (ಸ) ಮಾಡಿಕೊಂಡು ಏರಿದರೆ ಹರಿಕಾಂಭೋಜಿ ರಾಗದ ಸ್ವರಗಳು ಸಿಗುತ್ತವೆ. ಆರನೆಯದು ಕೈಶಿಕಿ ನಿಷಾದ (ತಗ್ಗಿನ ನಿ). ಆರು ಮತ್ತು ಏಳರ ನಡುವೆ 'ಸಿಕ್ಸ್ ಪ್ಲಸ್' ಎಂಬ ಇನ್ನೊಂದು ಮೆಟ್ಟಿಲು ಇದ್ದರೆ ಕಾಕಲಿ ನಿಷಾದವೂ (ಏರಿದ ನಿ) ಸಿಕ್ಕಿ ಶಂಕರಾಭರಣ ರಾಗಕ್ಕೆ ದಾರಿಯಾಗುತ್ತದೆ. ಹೊಸ ವಾದ್ಯಗಳಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ, ಹಳೆಯದಾದರೆ ಎಣಿಸಿಯೇ ಕೊಳ್ಳಿ. ಹಾಗೆಯೇ ಒಂದು ಮತ್ತು ಎರಡರ ನಡುವೆ 'ಒನ್ ಪ್ಲಸ್' ಇದ್ದರೆ ಸಾಧಾರಣ ಗಾಂಧಾರವೂ (ತಗ್ಗಿನ ಗ) ಬರುತ್ತದೆ. ಆದರೆ ಶುದ್ಧ ರಿಷಭ, ಶುದ್ಧ ಧೈವತ (ತಗ್ಗಿನ ರಿ, ದ) ಇಲ್ಲ. ಹಾಗಾಗಿ ನಾವು ಕಲಿತಂತೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ (ಆರಂಭದ ಸ್ವರ ಪಾಠ) ನುಡಿಸಲು ಆಗುವುದಿಲ್ಲ. ಹನ್ನೆರಡೂ ಸ್ವರ ಇರುವ ಕ್ರೊಮ್ಯಾಟಿಕ್ ಮಾದರಿ ಸಿಗುತ್ತದೆ, ನನಗೆ ಅದು ಬೇಡ ಅನ್ನಿಸಿತು. ಸ್ವರ ಕಡಿಮೆ ಇರುವುದರಲ್ಲೇ ಈ ವಾದ್ಯದ ಸೊಗಸಿದೆ. ಐದೇ ಸ್ವರದ ಮೋಹನ ರಾಗ ನುಡಿಸಿ ನೋಡಿ, ಗೊತ್ತಾಗುತ್ತದೆ.

ವಾದ್ಯ ಆರಿಸಲು ಕರಕುಶಲ ಕೆಲಸಕ್ಕೆ ಹೆಸರಾದ ಬೆರಿಯಾ ಊರಿಗೆ ಹೋದೆ. ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಆಕಾರ ಮತ್ತು ಹೃದಯದಾಕಾರದ ನಾದರಂಧ್ರಗಳು. ಅದಕ್ಕಿಂತ ಮುಖ್ಯವಾದದ್ದು ತಂತಿ ಮಿಡಿಯುವ ಉದ್ದ, ಅಂದರೆ ಬಿರಡೆಯ ಕಡೆ ತಂತಿ ಕೂರುವ ಪಟ್ಟಿಯಿಂದ (ನಟ್) ಇನ್ನೊಂದು ತುದಿಯಲ್ಲಿ ತಂತಿ ಕೂರುವ ಕುದುರೆಯವರೆಗಿನ (ಬ್ರಿಜ್) ಅಳತೆ. ಬಿರಡೆ ಎಂದರೆ ತಿರುಗಿಸಿ ತಂತಿ ಬಿಗಿಸುವ ಗೂಟ. ಸಾಮಾನ್ಯವಾಗಿ ಇದು 25ರಿಂದ 29 ಇಂಚು. ಉದ್ದ ಜಾಸ್ತಿ ಆದಷ್ಟು ಬೆರಳು ದೂರ ಚಾಚಬೇಕು. ನನ್ನ ಕೈ ಚಿಕ್ಕದು, ಅದಕ್ಕೆ 26 ಇಂಚಿನದನ್ನೇ ಹುಡುಕಿದೆ.

ಆಮೇಲೆ ಶ್ರುತಿ ಪರೀಕ್ಷೆ. ಏಳನೇ ಮೆಟ್ಟಿಲ ಮೇಲೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿದರೆ ಮೇಲಿನ ಷಡ್ಜ ಕೇಳುತ್ತದೆ. ಅಲ್ಲೇ ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಏರಿಬಂದರೆ ಕುದುರೆ ಜಾಗ ತಪ್ಪಿದೆ, ಇಲ್ಲವೇ ತಂತಿ ತೀರಾ ಎತ್ತರದಲ್ಲಿದೆ. ಒಂದೊಂದೇ ಮೆಟ್ಟಿಲು ಒತ್ತಿ, ತಂತಿ ಜುಂಯ್ ಎಂದು ಅದುರುತ್ತದೆಯೇ ಕೇಳಿ. ಮೆಟ್ಟಿಲ ತುದಿಗಳ ಮೇಲೆ ಹೆಬ್ಬೆರಳು ಸವರಿ, ಚುಚ್ಚಬಾರದು. ಮರದ ಬಿರಡೆ ನೋಡಲು ಚೆಂದ, ಆದರೆ ಮೊದಲ ವಾದ್ಯಕ್ಕೆ ಹಲ್ಲುಚಕ್ರದ ಬಿರಡೆಯೇ ವಾಸಿ.

ಮರದ ವಿಷಯದಲ್ಲಿ ಕಿವಿಯನ್ನೇ ನಂಬಿದೆ. ಅಂಗಡಿಯವರಿಗೇ ನುಡಿಸಲು ಹೇಳಿ, ದೂರ ನಿಂತು ಕೇಳಿದೆ. ಸ್ಪ್ರೂಸ್ ಹಲಗೆ ಹೊದಿಸಿದ್ದರ ನಾದ ಚುರುಕಾಗಿತ್ತು. ಪೂರ್ತಿ ವಾಲ್‌ನಟ್ ಮರದ್ದು ಮೃದುವಾಗಿ, ಆಲಾಪನೆಯಂತೆ ಶಾಂತವಾಗಿ ಹರಿಯಿತು. ಅದನ್ನೇ ತಂದೆ.

ನಾಲ್ಕು ತಂತಿಯ ವಾದ್ಯದಲ್ಲಿ ಸ್ವರದ ತಂತಿ ಜೋಡಿಯಾಗಿರುತ್ತದೆ. ಜೋಡಿಯನ್ನು ಎಳೆದು ಗಮಕ (ಸ್ವರದ ತೂಗಾಟ) ತರುವುದು ಕಷ್ಟ. ಒಂದನ್ನು ಬಿಚ್ಚಿ, ಇನ್ನೊಂದನ್ನು ಮೂರೇ ತಂತಿ ಹಾಕುವವರಿಗೆಂದು ಕುದುರೆಯಲ್ಲಿ ಕೊರೆದ ಗೀರಿಗೆ (ಸ್ಲಾಟ್) ಕೂರಿಸಿದೆ. ಆದ್ದರಿಂದ ಕೊಳ್ಳುವಾಗಲೇ ಕುದುರೆಯಲ್ಲಿ ಆ ಹೆಚ್ಚಿನ ಗೀರು ಕೊರೆದಿದೆಯೇ ನೋಡಿ. ಒಂಟಿ ತಂತಿಯಾದ ಮೇಲೆ ವೀಣೆಯಷ್ಟಲ್ಲದಿದ್ದರೂ ಗಾಂಧಾರ ಸ್ವಲ್ಪ ತೂಗುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ 'ಜಾರು' ಅಂತೂ ತುಂಬಾ ಚೆನ್ನಾಗಿ ಬರುತ್ತದೆ.

ವಾದ್ಯದ ಜೊತೆ ಗಟ್ಟಿ ಪೆಟ್ಟಿಗೆ, ಅದರೊಳಗಿಟ್ಟು ತೇವ ಕಾಪಾಡುವ ಹ್ಯುಮಿಡಿಫೈಯರ್ ಎರಡನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆಯ ಗಾಳಿ ಒಣಗಿ ಮರ ಸೀಳುತ್ತದೆ.