ಗ್ರೂಪಲ್ಲಿ ಸೆಕೆಂಡ್ ಹ್ಯಾಂಡ್ ಮನೆ ಸಾಮಾನು ತಗೊಳ್ತೀರಾ? ಮೊದಲು ರೇಟ್ ಲೆಕ್ಕ ಹಾಕಿ

ನನ್ನ ಚಿಕ್ಕಮ್ಮನ ಮಗಳು ಕೆಲಸ ಸಿಕ್ಕಿ ಶಿರಸಿಯಿಂದ ಮಂಗಳೂರಿಗೆ ಬಂದ್ಲು, ಬಿಜೈಯಲ್ಲಿ ಒಂದು ಸಣ್ಣ ಬಾಡಿಗೆ ಮನೆ, ಅಡ್ವಾನ್ಸ್ ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಸ್ವಲ್ಪವೇ, ಹಾಗಾಗಿ ಫ್ರಿಜ್ಜು, ಮಂಚ, ಮಿಕ್ಸಿ ಎಲ್ಲ ಒಂದು ಸೆಕೆಂಡ್ ಹ್ಯಾಂಡ್ ಗ್ರೂಪಲ್ಲೇ ನೋಡಿ ತಗೊಂಡ್ಲು. ಫ್ರಿಜ್ಜಿಗೆ ಕೊಟ್ಟದ್ದು 11,000. ನಾನು ಹೋದಾಗ ಹಿಂದಿನ ಸ್ಟಿಕ್ಕರ್ ನೋಡಿದೆ, 2016ರ ಪೀಸ್, ಅದೂ ಸಿಂಗಲ್ ಡೋರ್. ಅಂಥದ್ದೇ ಹೊಸತು ಅಂಗಡಿಯಲ್ಲಿ 15 ಸಾವಿರದ ಆಸುಪಾಸಿಗೆ ವಾರಂಟಿ ಸಮೇತ ಸಿಗ್ತದೆ. ಮಾರಿದವರು ಸುಳ್ಳೇನೂ ಹೇಳಿರ್ಲಿಲ್ಲ, ಗುಡ್ ಕಂಡೀಷನ್ ಅಂದಿದ್ರು, ಕಂಡೀಷನ್ ಚೆನ್ನಾಗೇ ಇತ್ತು, ರೇಟ್ ಮಾತ್ರ ಸಮ ಇರ್ಲಿಲ್ಲ. ಅವಳ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಹಾಗೇ ಹೋಯ್ತು. ಹೊಸದಾಗಿ ಮನೆ ಮಾಡುವವರಿಗೇ ಹೆಚ್ಚಾಗಿ ಹೀಗೆ ಆಗೋದು ನೋಡಿ ನಂಗೆ ತುಂಬ ಬೇಜಾರಾಗ್ತದೆ, ಅದಕ್ಕೇ ನಾನು ಲೆಕ್ಕ ಹಾಕುವ ಕ್ರಮ ಇಲ್ಲಿ ಬರೀತಿದ್ದೇನೆ.

ಮೊದಲನೇದು, ಮಾರುವವರು ಎಷ್ಟಕ್ಕೆ ತಗೊಂಡಿದ್ರು ಅಂತ ಕೇಳಿ ಅದರ ಮೇಲೆ ಲೆಕ್ಕ ಹಾಕ್ಲೇಬೇಡಿ. "ನಾನು ನಲ್ವತ್ತು ಸಾವಿರ ಕೊಟ್ಟದ್ದು ಸರ್, ನಿಮ್ಗೆ ಇಪ್ಪತ್ತೈದಕ್ಕೆ ಕೊಡ್ತೇನೆ" ಅಂದ ಕೂಡ್ಲೇ ನಮ್ಮ ತಲೆಯಲ್ಲಿ ಹದಿನೈದು ಸಾವಿರ ಉಳೀತು ಅಂತ ಕೂತುಬಿಡ್ತದೆ. ಅವರು ಕೊಟ್ಟದ್ದು ಅವರ ಲೆಕ್ಕ. ನಮ್ಗೆ ಬೇಕಾದ್ದು ಅದೇ ಮಾಡೆಲ್, ಅದು ಈಗ ಬರೋದಿಲ್ಲ ಅಂತಾದ್ರೆ ಅದೇ ಸೈಜಿಂದು, ಇವತ್ತು ಹೊಸತಿಗೆ ಎಷ್ಟುಂಟು ಅನ್ನೋದು. ಎಂಆರ್‌ಪಿ ಅಲ್ಲ ಮತ್ತೆ, ಎಂಆರ್‌ಪಿಗೆ ಯಾವ ಅಂಗಡಿಯವ್ರೂ ಫ್ರಿಜ್ಜು ಮಾರೋದಿಲ್ಲ, ಅಂಗಡಿಗೆ ಫೋನ್ ಮಾಡಿ ಬಿಲ್ಲಿಂಗ್ ರೇಟ್ ಕೇಳಿ. ಈಗಂತೂ ಇದು ಇನ್ನೂ ಮುಖ್ಯ, ಯಾಕಂದ್ರೆ 2025ರ ಸೆಪ್ಟೆಂಬರ್ 22ರಿಂದ ಎಸಿಗೆ, 32 ಇಂಚಿಗಿಂತ ದೊಡ್ಡ ಟಿವಿಗೆ, ಡಿಶ್‌ವಾಷರಿಗೆ ಜಿಎಸ್‌ಟಿ 28 ಪರ್ಸೆಂಟಿಂದ 18ಕ್ಕೆ ಇಳಿದಿದೆ. ಅಂದ್ರೆ ಅದಕ್ಕಿಂತ ಮೊದಲು 40,000 ಬಿಲ್ ಆದ ಎಸಿ, ಕಂಪೆನಿ ರೇಟ್ ಅಷ್ಟೇ ಇದ್ರೆ, ಹೊಸತೇ 36,875ಕ್ಕೆ ಬರ್ತದೆ. ಹಳೇ ಬಿಲ್ ತೋರಿಸಿದ್ರೆ ಈ ಮೂರು ಸಾವಿರ ಚಿಲ್ಲರೆ ಮೊದಲೇ ಕಳೆದು ಮಾತಾಡಿ. ಫ್ರಿಜ್ಜು, ವಾಷಿಂಗ್ ಮೆಷಿನ್ನಿಗೆ 2018ರಿಂದಲೇ 18 ಇರೋದು, ಅಲ್ಲಿ ಈ ಮಾತು ಬರೋದಿಲ್ಲ.

ಇನ್ನು ನನ್ನ ಲೆಕ್ಕ. ಯಾವ ಪುಸ್ತಕದ್ದೂ ಅಲ್ಲ, ನಾಲ್ಕೈದು ವರ್ಷ ತಗೊಂಡು ಮಾರಿ ಕಂಡುಕೊಂಡದ್ದು. ಕರೆಂಟಲ್ಲಿ ಓಡುವ ಸಾಮಾನಿಗೆ ಇವತ್ತಿನ ಹೊಸ ರೇಟ್ 100 ಅಂತಿಟ್ರೆ ಒಂದು ವರ್ಷ ಹಳತಿಗೆ 70, ಅಲ್ಲಿಂದ ವರ್ಷಕ್ಕೆ ಹತ್ತತ್ತು ಇಳಿಸ್ತಾ ಹೋಗಿ, ಐದು ವರ್ಷಕ್ಕೆ 30 ಬರ್ತದೆ. ಏಳೆಂಟು ವರ್ಷ ದಾಟಿದ್ರೆ 15-20ಕ್ಕಿಂತ ಮೇಲೆ ಕೊಡ್ಲೇಬಾರ್ದು, ಅದು ಗುಜ್ರಿ ರೇಟಿಗಿಂತ ಸ್ವಲ್ಪ ಮೇಲೆ ಅಷ್ಟೆ. ಉದಾಹರಣೆಗೆ ನಾಲ್ಕು ವರ್ಷದ ಫ್ರಂಟ್ ಲೋಡ್ ಮೆಷಿನ್, ಹೊಸತಿಗೆ 30,000, ಹಾಗಾದ್ರೆ 12,000. ಗ್ರೂಪಲ್ಲಿ 19,000 ಹಾಕಿರ್ತಾರೆ, ಅದಕ್ಕೆ ಗೂಡ್ಸ್ ಟೆಂಪೋ, ಎತ್ತಿ ಇಳಿಸುವವರು, ಫಿಟ್ಟಿಂಗ್, ಹೊಸ ಪೈಪು ಎಲ್ಲ ಸೇರಿಸಿ ನೋಡಿ, 21 ದಾಟ್ತದೆ, ಇನ್ನೊಂದು ಒಂಬತ್ತು ಸಾವಿರ ಹಾಕಿದ್ರೆ ಹೊಸತೇ ವಾರಂಟಿ ಜೊತೆ ಮನೆ ಬಾಗಿಲಿಗೆ ಬರ್ತದೆ. ಒಟ್ಟು ಖರ್ಚು ಹೊಸತಿನ ಅರುವತ್ತು ಪರ್ಸೆಂಟ್ ದಾಟಿದ್ರೆ ನಾನು ಬಿಟ್ಟುಬಿಡ್ತೇನೆ. ಆರೇ ತಿಂಗಳ ಸಾಮಾನು, ಬಿಲ್ಲುಂಟು, ಅವರಿಗೆ ಊರು ಬಿಡ್ಲಿಕ್ಕುಂಟು ಅಂತಾದ್ರೆ ಮಾತ್ರ ಸ್ವಲ್ಪ ಜಾಸ್ತಿ ಕೊಡಬಹುದು, ಅದು ನ್ಯಾಯ.

"ಎರಡೇ ವರ್ಷ ಯೂಸ್ ಮಾಡಿದ್ದು" ಅನ್ನುವ ಮಾತು ನಂಬಬೇಡಿ. ಅವರೂ ಇನ್ನೊಬ್ಬರಿಂದ ತಗೊಂಡದ್ದಾಗಿರಬಹುದು, ಅವರ ಲೆಕ್ಕಕ್ಕೆ ಎರಡು ವರ್ಷವೇ. ಫ್ರಿಜ್ಜಿನ ಹಿಂದೆಯೋ ಒಳಗೆ ಸೈಡಲ್ಲೋ, ಮೆಷಿನ್ನಿನ ಬಾಗಿಲ ಹತ್ರವೋ ಹಿಂದೆಯೋ ಒಂದು ಸ್ಟಿಕ್ಕರ್ ಇರ್ತದೆ, ಸೀರಿಯಲ್ ನಂಬರ್ ಅದರಲ್ಲೇ, ಎಷ್ಟೋ ಕಡೆ ತಯಾರಾದ ತಿಂಗಳು ವರ್ಷವೂ ಇರ್ತದೆ. ಅದರ ಫೋಟೋ ಕಳಿಸಿ ಅಂತ ಮೊದಲೇ ಕೇಳಿ. ಕಳಿಸ್ಲಿಕ್ಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೇ ಬಿಡಿ. ಕರೆಂಟ್ ಎಷ್ಟು ಉಳಿಸ್ತದೆ ಅಂತ ತೋರಿಸುವ ಸ್ಟಾರ್ ಲೇಬಲ್ಲಲ್ಲೂ ವರ್ಷ ಇರ್ತದೆ. ಎಸಿಯಲ್ಲಿ 5 ಸ್ಟಾರ್ ಅಂತ ದೊಡ್ಡದಾಗಿ ಬರೆದು ಜಾಸ್ತಿ ಕೇಳ್ತಾರೆ, ಆದ್ರೆ 2022ರ ಜುಲೈಯಲ್ಲಿ ಸ್ಟಾರ್ ಲೆಕ್ಕವನ್ನೇ ಬಿಗಿ ಮಾಡಿದ್ರು, ಅದಕ್ಕಿಂತ ಮೊದಲಿನ 5 ಸ್ಟಾರ್ ಆಮೇಲೆ 4ಕ್ಕೆ ಇಳಿದದ್ದು. ಹಳೇ ಐದಕ್ಕೆ ಹೊಸ ಐದರ ರೇಟ್ ಕೊಡಬೇಡಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟ ಉಂಟು, ಬೆಂಗಳೂರಲ್ಲಿ ಐದು ವರ್ಷ ಆದ ಸಾಮಾನೂ ಮಲ್ಪೆಯಲ್ಲೋ ಪಣಂಬೂರಲ್ಲೋ ಸಮುದ್ರದ ಹತ್ರ ಐದು ವರ್ಷ ಇದ್ದ ಸಾಮಾನೂ ಒಂದೇ ಅಲ್ಲ. ಉಪ್ಪಿನ ಗಾಳಿಗೆ ಕಬ್ಬಿಣ ತಿಂದು ಹೋಗ್ತದೆ. ಎಸಿ ಆದ್ರೆ ಹೊರಗಿನ ಯೂನಿಟ್ ನೋಡದೆ ಮಾತೇ ಬೇಡ, ಅದರ ತೆಳು ತಗಡಿನ ಎಸಳು ಕೈಗೆ ಪುಡಿಪುಡಿ ಬರ್ತದೆ ಅಂತಾದ್ರೆ ಗ್ಯಾಸ್ ನಿಲ್ಲೋದು ಕಷ್ಟ, ಬಿಚ್ಚಿ ಮತ್ತೆ ಕೂರಿಸುವ ಖರ್ಚು ಬೇರೆ. ವಾಷಿಂಗ್ ಮೆಷಿನ್ನನ್ನು ಸ್ವಲ್ಪ ವಾಲಿಸಿ ಅಡಿ ನೋಡಿ, ಬಾಗಿಲಿನ ರಬ್ಬರ್ ಮಡಚಿ ಒಳಗೆ ಕಪ್ಪು ಫಂಗಸ್ ಉಂಟಾ ನೋಡಿ, ಖಾಲಿ ಮೆಷಿನ್ ಸ್ಪಿನ್ನಿಗೆ ಹಾಕಿ ಕಿವಿ ಕೊಡಿ, ಗರಗರ ಅಂದ್ರೆ ಬೇರಿಂಗ್ ಹೋಗಿದೆ. ಫ್ರಿಜ್ಜಾದ್ರೆ ನೀವು ಹೋಗುವ ಹೊತ್ತಿಗೆ ಆನ್ ಇರಬೇಕು, ಫ್ರೀಜರಲ್ಲಿ ಐಸ್ ಕಟ್ಟಿರಬೇಕು, ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆದ್ರೆ ಬಿಗಿ ಇರಬೇಕು, ಸುಲಭಕ್ಕೆ ಜಾರಿ ಬಂದ್ರೆ ಗ್ಯಾಸ್ಕೆಟ್, ಅಂದ್ರೆ ಬಾಗಿಲಿನ ರಬ್ಬರ್, ಬದಲಿಸ್ಲಿಕ್ಕುಂಟು.

ಮರದ ಸಾಮಾನಿಗೆ ಮೇಲಿನ ಲೆಕ್ಕ ನಡೆಯೋದಿಲ್ಲ. ಹಲಸಿನ ಮರದ್ದು, ಸಾಗುವಾನಿದು ಸರಿಯಾಗಿದ್ರೆ ಇಪ್ಪತ್ತು ವರ್ಷ ಆದ್ರೂ ಬೆಲೆ ಉಂಟು, ಆಚಾರಿಯವರ ಹತ್ರ ಅಂಥ ಮಂಚ ಮಾಡಿಸ್ಲಿಕ್ಕೆ ಈಗ ಎಷ್ಟಾಗ್ತದೆ ಅಂತ ಕೇಳಿ, ಅದರ ಅರ್ಧ ಕೊಟ್ರೂ ನಷ್ಟ ಇಲ್ಲ. ಆದ್ರೆ ಕಾಲಿನ ಅಡಿ ತಿರುಗಿಸಿ ನೋಡ್ಲೇಬೇಕು, ಒರಲೆ ಶುರುವಾಗೋದು ಅಲ್ಲಿಂದ್ಲೇ. ನೆಲದಲ್ಲಿ ಸಣ್ಣ ಹುಡಿ ಬಿದ್ದಿದ್ರೆ ಕುಟ್ಟೆ ಹಿಡಿದಿದೆ, ತಂದ್ರೆ ನಿಮ್ಮ ಮನೆಯ ಬಾಗಿಲಿನ ದಾರಂದಕ್ಕೂ ಹಬ್ಬಬಹುದು. ಪಾರ್ಟಿಕಲ್ ಬೋರ್ಡಿನ ಕಪಾಟು, ಟಿವಿ ಸ್ಟ್ಯಾಂಡ್ ಎಲ್ಲ ಎರಡು ಮಳೆಗಾಲ ಕಳೆದ್ರೆ ಅಂಚು ಉಬ್ಬಿರ್ತದೆ, ಒಮ್ಮೆ ಬಿಚ್ಚಿದ್ರೆ ಸ್ಕ್ರೂ ಮತ್ತೆ ಹಿಡಿಯೋದಿಲ್ಲ, ಅದಕ್ಕೆ ಯಾರಾದ್ರೂ ಎಂಟು ಹತ್ತು ಸಾವಿರ ಕೇಳೋದು ನೋಡಿದ್ರೆ ನಂಗೆ ಸಿಟ್ಟು ಬರ್ತದೆ. ಹಿತ್ತಾಳೆ ಹಂಡೆ, ತಾಮ್ರದ ಕೊಡಕ್ಕೆ ಆಂಟಿಕ್ ಅಂತ ಹೆಸರಿಟ್ಟು ಮಾರ್ತಾರಲ್ಲ, ತೂಕ ಎಷ್ಟು ಅಂತ ಕೇಳಿ, ಪಾತ್ರೆ ಅಂಗಡಿಯ ಕಿಲೋ ರೇಟಿಗೆ ಹೋಲಿಸಿ ಮತ್ತೆ ಮಾತಾಡಿ.

ಯಾವಾಗ ತಗೊಳ್ಳೋದು ಅನ್ನೋದೂ ರೇಟೇ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿದ ಮಕ್ಕಳು ಮೇ, ಜೂನಲ್ಲಿ ಫ್ಲ್ಯಾಟ್ ಖಾಲಿ ಮಾಡ್ತಾರೆ, ಬಾಡಿಗೆ ಮುಗಿಯುವ ದಿನ ಹತ್ರ ಬಂದ ಹಾಗೆ ಟೇಬಲ್ಲು, ಕೂಲರ್, ಸಣ್ಣ ಫ್ರಿಜ್ಜು ಸಿಕ್ಕಿದ ರೇಟಿಗೆ ಕೊಟ್ಟು ಹೋಗ್ತಾರೆ. ಅದೇ ಸಾಮಾನನ್ನು ಒಟ್ಟಿಗೆ ಎತ್ತಿ ಇಟ್ಟುಕೊಂಡು ಹೊಸ ಬ್ಯಾಚ್ ಬಂದಾಗ ಡಬಲ್ಲಿಗೆ ಹಾಕುವವರೂ ಇದ್ದಾರೆ. ಕಾಲೇಜುಗಳಿರುವ ಸುರತ್ಕಲ್, ದೇರಳಕಟ್ಟೆ ಕಡೆಯೂ ಹಾಗೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು) ನಮ್ಮಲ್ಲಿ ಹೆಚ್ಚಿನವರು ಹೊಸ ಮನೆ ಸೇರೋದಿಲ್ಲ, ತಗೊಳ್ಳುವವರು ಕಡಿಮೆ, ಮೇಲಿಂದ ಮಳೆ, ಆಗ ಮಾರ್ಲೇಬೇಕಾದವರು ರೇಟ್ ಇಳಿಸ್ತಾರೆ. ಮಳೆಯಲ್ಲಿ ನೋಡ್ಲಿಕ್ಕೆ ಹೋದ್ರೆ ಸೋಫಾದ ವಾಸನೆ, ಕಪಾಟಿನ ಹಿಂದಿನ ಪಸೆ ಎಲ್ಲ ಗೊತ್ತಾಗ್ತದೆ, ಬೇಸಿಗೆಯಲ್ಲಿ ಗೊತ್ತಾಗೋದಿಲ್ಲ.

ಮಾತಾಡುವಾಗ ಜಗಳಕ್ಕೆ ಹೋಗಬೇಡಿ, ಗ್ರೂಪಲ್ಲಿ ಎಲ್ಲರೆದುರು ಇದು ಗುಜ್ರಿ ಅಂತ ಕಮೆಂಟ್ ಹಾಕಿದ್ರೆ ಅವರು ಹಠಕ್ಕೆ ಬಿದ್ದು ಒಂದು ರೂಪಾಯಿಯೂ ಇಳಿಸೋದಿಲ್ಲ. "ರೇಟ್ ಇನ್‌ಬಾಕ್ಸ್ ಮಾಡಿ" ಅಂತ ಬರೆದಿದ್ರೆ ಒಬ್ಬೊಬ್ಬರಿಗೆ ಒಂದೊಂದು ರೇಟ್ ಹೇಳುವ ಸಾಧ್ಯತೆ ಉಂಟು ಅಂತ ತಿಳ್ಕೊಳ್ಳಿ. ನಾನು ಹೀಗೆ ಬರೀತೇನೆ: "ಅಕ್ಕ, ಇದೇ ಸೈಜ್ ಹೊಸತು ಈಗ 26ಕ್ಕೆ ಉಂಟು, ನಿಮ್ಮದು 5 ವರ್ಷ ಆಯ್ತಲ್ಲ, ನಂಗೆ 8ರವರೆಗೆ ಆಗ್ತದೆ, ಆದ್ರೆ ಆದಿತ್ಯವಾರ ಟೆಂಪೋ ಜೊತೆ ಬಂದು ತಗೊಂಡು ಹೋಗ್ತೇನೆ." ಲಾಸ್ಟ್ ಎಷ್ಟು ಅಂತ ಮಾತ್ರ ಕೇಳಿದ್ರೆ ಯಾರೂ ಉತ್ತರ ಕೊಡೋದಿಲ್ಲ, ದಿನ ಹೇಳಿದ್ರೆ ಕೊಡ್ತಾರೆ. ಮೂರು ವಾರ ಆದ್ರೂ ಹೋಗದ ಪೋಸ್ಟಿಗೆ ಮತ್ತೊಮ್ಮೆ ಅದೇ ಮೆಸೇಜ್ ಹಾಕಿ, ನಂಗೆ ಗ್ರೈಂಡರ್ ಸಿಕ್ಕಿದ್ದು ಹಾಗೆ.

ಕೆಲವು ಸಾಮಾನು ಎಷ್ಟು ಕಡಿಮೆಗೆ ಬಂದ್ರೂ ಬೇಡ. ಗ್ಯಾಸ್ ಸಿಲಿಂಡರ್ ಗ್ಯಾಸ್ ಕಂಪೆನಿಯದ್ದು, ಕನೆಕ್ಷನ್ ಇದ್ದವರು ಕೊಟ್ಟದ್ದು ಡೆಪಾಸಿಟ್ ಮಾತ್ರ, ಅದನ್ನು ಮಾರ್ಲಿಕ್ಕೆ ಅವರಿಗೆ ಹಕ್ಕಿಲ್ಲ. ಹಳೇ ಇನ್ವರ್ಟರ್ ಬ್ಯಾಟರಿ, ಹಾಸಿಗೆ, ಕುಕ್ಕರ್ ಇವೂ ಬೇಡ, ಹಾಸಿಗೆಯಲ್ಲಿ ತಿಗಣೆ ಬಂದ್ರೆ ಬಿಡಿಸ್ಲಿಕ್ಕೆ ತಿಂಗಳುಗಟ್ಲೆ ಒದ್ದಾಡಬೇಕು.

ದುಡ್ಡು ಸಾಮಾನು ಕಣ್ಣಲ್ಲಿ ನೋಡಿದ ಮೇಲೆಯೇ. ಟೋಕನ್ ಐನೂರು ಹಾಕಿ, ಇಲ್ದಿದ್ರೆ ಬೇರೆಯವ್ರು ತಗೊಂಡು ಹೋಗ್ತಾರೆ ಅಂದ್ರೆ ಹೋಗ್ಲಿ ಅಂತ ಬಿಡಿ. ನೀವು ಮಾರುವವರಾಗಿದ್ರೆ, ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಗೆ ದುಡ್ಡು ಬರ್ತದೆ" ಅನ್ನುವವರಿಂದ ಜಾಗ್ರತೆ, ದುಡ್ಡು ಬರ್ಲಿಕ್ಕೆ ಪಿನ್ ಬೇಡ. ದುಡ್ಡು ಹೋಗಿಬಿಟ್ರೆ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ತಡ ಮಾಡಿದಷ್ಟೂ ವಾಪಸ್ ಬರುವ ಚಾನ್ಸ್ ಕಡಿಮೆ.

ಟೆಂಪೋಗೆ ಲೋಡ್ ಮಾಡಿದ ಮೇಲೆ ಯುಪಿಐಯಲ್ಲಿ ಕೊಡಿ, ಹಳೇ ಬಿಲ್ಲಿನ ಫೋಟೋ ಅಲ್ಲೇ ತಗೊಳ್ಳಿ, ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಇರುವ ಮಾಡೆಲ್ ಆದ್ರೆ ಮುಂದೆ ಕೇಳ್ಲಿಕ್ಕೆ ಅದು ಬೇಕು. ಫ್ರಿಜ್ಜನ್ನು ನಿಲ್ಲಿಸಿಯೇ ತನ್ನಿ. ಮಲಗಿಸಿ ತರ್ಲೇಬೇಕಾಗಿ ಬಂದಿದ್ರೆ ಮನೆಗೆ ಬಂದ ಮೇಲೆ ಒಂದು ದಿನ ಹಾಗೇ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ.